ಹತಾರ ಬಿಚ್ಚಿ ನೋಡುವ ಹಕ್ಕು: ಲಿನಕ್ಸ್ ನಡೆದು ಬಂದ ದಾರಿ

ಕಸುಬುದಾರನಿಗೂ ಅವನ ಹತಾರಕ್ಕೂ ಇರುವ ನಂಟು ಬಲು ಹಳೆಯದು. ಕಂಬಾರ ತನಗೆ ಬೇಕಾದ ಇಕ್ಕಳವನ್ನು ತಾನೇ ಕಾಯಿಸಿ ಬಡಿದುಕೊಳ್ಳುತ್ತಾನೆ. ಉಳಿಯ ಹಿಡಿ ಸಡಿಲಾದರೆ ಬಡಿಗ ಯಾರ ಅಪ್ಪಣೆಗೂ ಕಾಯುವುದಿಲ್ಲ. ವಿಜಯಪುರದ ಜೋರಾಪುರ ಪೇಟೆಯಂಥ ಹಳೆಯ ಪೇಟೆಗಳಲ್ಲಿ ದರ್ಜಿಯ ಹೊಲಿಗೆ ಯಂತ್ರ ನಿಂತುಹೋದರೆ ಅವನು ಮೊದಲು ಮಾಡುವ ಕೆಲಸ ಅದನ್ನು ಮಗುಚಿ, ಎಣ್ಣೆ ಬಿಟ್ಟು, ತಿರುಪು ಬಿಚ್ಚಿ ನೋಡುವುದು. ಹತಾರ ತನ್ನದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಆದರೆ ಗಣಕಯಂತ್ರದ ಮುಂದೆ ಕುಳಿತು ತಂತ್ರಾಂಶ ಬರೆಯುವವನ ಸ್ಥಿತಿ ಹೀಗಿಲ್ಲ. ಅವನ ಹತಾರವೂ ತಂತ್ರಾಂಶವೇ. ಅದರಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯನಿರ್ವಹಣಾ ವ್ಯವಸ್ಥೆ. ಕೀಲಿಮಣೆಯ ಮೇಲಿನ ಒತ್ತು, ಪರದೆಯ ಮೇಲಿನ ಅಕ್ಷರ, ಕಡತಗಳ ಸಂಗ್ರಹ, ಮುದ್ರಕದ ಓಟ ಎಲ್ಲವೂ ಅದರ ಸುಪರ್ದಿಯಲ್ಲಿ. ಬಹುಪಾಲು ಗಣಕಗಳಲ್ಲಿ ಈ ವ್ಯವಸ್ಥೆ ಮುಚ್ಚಿದ ಪೆಟ್ಟಿಗೆ. ಹಣ ಕೊಟ್ಟವರಿಗೆ ಬಳಸುವ ಪರವಾನಗಿ ಸಿಗುತ್ತದೆ, ಒಳಗೇನಿದೆ ಎಂದು ನೋಡುವ ಹಕ್ಕು ಸಿಗುವುದಿಲ್ಲ. ಈ ಮಾತಿಗೆ ಒಪ್ಪದ ಕೆಲವರು ಕಟ್ಟಿದ್ದು ಲಿನಕ್ಸ್. ಇಂದು ಬೆಂಗಳೂರಿನ ಸಾವಿರಾರು ತಂತ್ರಾಂಶ ಕೆಲಸಗಾರರಿಗೆ ಅದು ನಿತ್ಯದ ಬಳಕೆಯ ಹತಾರ. ಅದು ಹೇಗೆ ಹುಟ್ಟಿತು, ನಮ್ಮ ನಾಡಿಗೆ ಹೇಗೆ ಬಂತು, ಕನ್ನಡಕ್ಕೂ ಅದಕ್ಕೂ ಏನು ಸಂಬಂಧ ಎಂಬುದು ತಿಳಿಯತಕ್ಕ ಸಂಗತಿ.

ಕೊಳವೆಗಳ ವಿದ್ಯೆ

ಕಥೆ ಆರಂಭವಾಗುವುದು 1969ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬ ಇಬ್ಬರು ಅಲ್ಲಿ ಯೂನಿಕ್ಸ್ ಎಂಬ ಕಾರ್ಯನಿರ್ವಹಣಾ ವ್ಯವಸ್ಥೆಯನ್ನು ಕಟ್ಟತೊಡಗಿದರು. ರಿಚಿ ರೂಪಿಸಿದ ಸಿ ಭಾಷೆಯಲ್ಲಿ 1973ರಲ್ಲಿ ಅದನ್ನು ಮತ್ತೆ ಬರೆಯಲಾಯಿತು. ಅಲ್ಲಿಯವರೆಗೆ ಇಂಥ ವ್ಯವಸ್ಥೆಗಳು ಒಂದು ಜಾತಿಯ ಯಂತ್ರಕ್ಕೆ ಮಾತ್ರ ಹೊಂದುವಂತೆ ಇರುತ್ತಿದ್ದವು. ಸಿ ಭಾಷೆಗೆ ಬಂದ ಮೇಲೆ ಯೂನಿಕ್ಸ್ ಅನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಒಯ್ಯುವುದು ಸಾಧ್ಯವಾಯಿತು.

ಯೂನಿಕ್ಸಿನ ಮೂಲ ತತ್ವ ಸರಳ. ಒಂದು ದೊಡ್ಡ ತಂತ್ರಾಂಶ ಎಲ್ಲವನ್ನೂ ಮಾಡುವ ಬದಲು, ಒಂದೊಂದೇ ಕೆಲಸವನ್ನು ಚೊಕ್ಕವಾಗಿ ಮಾಡುವ ಅನೇಕ ಚಿಕ್ಕ ತಂತ್ರಾಂಶಗಳಿರಬೇಕು. ಒಂದರಿಂದ ಹೊರಬಂದದ್ದು ಇನ್ನೊಂದರೊಳಗೆ ಹರಿಯಬೇಕು. ಹೀಗೆ ಜೋಡಿಸುವ ಏರ್ಪಾಟಿಗೆ ಅವರಿಟ್ಟ ಹೆಸರು ಪೈಪ್, ಅಂದರೆ ಕೊಳವೆ. ಡಗ್ಲಸ್ ಮೆಕಿಲ್ರಾಯ್ ಅವರ ಒತ್ತಾಯದಿಂದ 1973ರಲ್ಲಿ ಅದು ಯೂನಿಕ್ಸಿಗೆ ಸೇರಿತು.

ವಿಜಯಪುರದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಊರೊಳಗೆ ನೀರು ಬರುತ್ತಿದ್ದದ್ದು ನೆಲದಡಿಯ ಮಣ್ಣಿನ ಕೊಳವೆಗಳ ಮೂಲಕ. ದಾರಿಯಲ್ಲಿ ಅಲ್ಲಲ್ಲಿ ನೀರಿನ ಗೋಪುರಗಳು. ಜನ ಅವನ್ನು ಗಂಜ್ ಎನ್ನುತ್ತಾರೆ. ನೀರಿನ ಒತ್ತಡ ಇಳಿಸುವುದು, ಕೆಸರು ತಳಕ್ಕೆ ಕೂರುವಂತೆ ಮಾಡುವುದು, ಮುಂದಿನ ಕೊಳವೆಗೆ ನೀರು ಬಿಡುವುದು ಆ ಗೋಪುರಗಳ ಕೆಲಸ. ಯಾವ ಗೋಪುರವೂ ಇಡೀ ಊರಿಗೆ ನೀರುಣಿಸುವ ಭಾರ ಹೊತ್ತಿರಲಿಲ್ಲ, ತನ್ನ ಪಾಲಿನದನ್ನು ಮಾಡಿ ಮುಂದಕ್ಕೆ ದಾಟಿಸುತ್ತಿತ್ತು. ಯೂನಿಕ್ಸಿನಲ್ಲಿ ನೀರಿನ ಬದಲು ಅಕ್ಷರಗಳು ಹರಿಯುತ್ತವೆ. ಒಂದು ತಂತ್ರಾಂಶ ಕಡತದಿಂದ ಸಾಲುಗಳನ್ನು ಹೆಕ್ಕಿ ಕೊಡುತ್ತದೆ, ಇನ್ನೊಂದು ಅವನ್ನು ಅಕಾರಾದಿಯಾಗಿ ಜೋಡಿಸುತ್ತದೆ, ಮೂರನೆಯದು ಎಣಿಸಿ ಲೆಕ್ಕ ಕೊಡುತ್ತದೆ. ಒಂದು ಊರಿನ ಮತದಾರರ ಪಟ್ಟಿಯಲ್ಲಿ ಯಾವ ಹೆಸರು ಎಷ್ಟು ಸಲ ಬಂದಿದೆ ಎಂದು ತಿಳಿಯಲು ಹೊಸ ತಂತ್ರಾಂಶ ಬರೆಯಬೇಕಿಲ್ಲ. ಇರುವ ಮೂರನ್ನು ಒಂದೇ ಸಾಲಿನಲ್ಲಿ ಕೊಳವೆ ಹಾಕಿ ಜೋಡಿಸಿದರೆ ಸಾಕು.

ಬೆಲ್ ಪ್ರಯೋಗಾಲಯದ ಒಡೆಯ ಎಟಿ ಅಂಡ್ ಟಿ ಎಂಬ ದೂರವಾಣಿ ಕಂಪನಿ. ಅಮೆರಿಕ ಸರ್ಕಾರದೊಡನೆ 1956ರಲ್ಲಿ ಆದ ಒಪ್ಪಂದದಂತೆ ದೂರವಾಣಿಯ ಹೊರತು ಬೇರೆ ವ್ಯಾಪಾರಕ್ಕೆ ಅದು ಇಳಿಯುವಂತಿರಲಿಲ್ಲ. ಹೀಗಾಗಿ ಯೂನಿಕ್ಸ್ ಅಗ್ಗದ ಬೆಲೆಗೆ, ಮೂಲ ಬರಹದ ಸಮೇತ ವಿಶ್ವವಿದ್ಯಾಲಯಗಳಿಗೆ ಸಿಕ್ಕಿತು. ವಿದ್ಯಾರ್ಥಿಗಳು ಅದನ್ನು ಬಿಚ್ಚಿ ಓದಿ ಕಲಿತರು. ಆದರೆ 1984ರಲ್ಲಿ ಕಂಪನಿಯ ವಿಭಜನೆಯಾಗಿ ಆ ನಿರ್ಬಂಧ ಹೋಯಿತು. ಯೂನಿಕ್ಸ್ ಮಾರಾಟದ ಸರಕಾಯಿತು, ಬೆಲೆ ಏರಿತು, ಮೂಲ ಬರಹಕ್ಕೆ ಬೀಗ ಬಿತ್ತು.

ಒಬ್ಬ ಹಟವಾದಿ, ಒಬ್ಬ ವಿದ್ಯಾರ್ಥಿ

ಈ ಬೀಗಕ್ಕೆ ಎದುರಾಗಿ ನಿಂತವರು ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್. ಪ್ರಯೋಗಾಲಯಕ್ಕೆ ಬಂದ ಮುದ್ರಕವೊಂದರ ತಂತ್ರಾಂಶವನ್ನು ತಿದ್ದಲು ಮೂಲ ಬರಹ ಕೇಳಿದಾಗ ಅವರಿಗೆ ಸಿಕ್ಕಿದ್ದು ನಿರಾಕರಣೆ. ಬಳಸುವವನೇ ದುರಸ್ತಿ ಮಾಡಲಾಗದ ಹತಾರ ಎಂಥದ್ದು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಅವರು ಗ್ನೂ ಎಂಬ ಯೋಜನೆಯನ್ನು ಸಾರಿದರು. ಯೂನಿಕ್ಸಿನಂತೆಯೇ ನಡೆಯುವ, ಆದರೆ ಎಲ್ಲರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ವ್ಯವಸ್ಥೆ ಅವರ ಗುರಿ. ಬರಹ ಸಂಪಾದಕ, ಸಿ ಭಾಷೆಯ ಸಂಕಲಕ ಮೊದಲಾದವು ಒಂದೊಂದಾಗಿ ಸಿದ್ಧವಾದವು.

ಅವರ ಇನ್ನೊಂದು ಕೊಡುಗೆ 1989ರ ಜಿಪಿಎಲ್ ಎಂಬ ಪರವಾನಗಿ ಪತ್ರ. ಅದರ ಜಾಣ್ಮೆಯನ್ನು ಗಮನಿಸಬೇಕು. ಕೃತಿಸ್ವಾಮ್ಯದ ಕಾನೂನು ಸಾಮಾನ್ಯವಾಗಿ ನಕಲು ಮಾಡಬೇಡ ಎನ್ನಲು ಬಳಕೆಯಾಗುತ್ತದೆ. ಸ್ಟಾಲ್‌ಮನ್ ಅದೇ ಕಾನೂನನ್ನು ತಿರುಗಿಸಿ ಹಿಡಿದರು. ನಕಲು ಮಾಡು, ತಿದ್ದು, ಮಾರು ಕೂಡ, ಆದರೆ ತಿದ್ದಿದ್ದನ್ನು ಹಂಚುವಾಗ ನಿನಗೆ ಸಿಕ್ಕ ಹಕ್ಕುಗಳನ್ನೇ ಮುಂದಿನವನಿಗೂ ಕೊಡು ಎಂಬುದು ಷರತ್ತು. ಮುಕ್ತ ತಂತ್ರಾಂಶ ಎಂದರೆ ಪುಕ್ಕಟೆ ತಂತ್ರಾಂಶ ಎಂದು ಅನೇಕರು ತಿಳಿದಿದ್ದಾರೆ. ಇಲ್ಲಿ ಮುಖ್ಯವಾದದ್ದು ಬೆಲೆಯಲ್ಲ, ಈ ಹಕ್ಕು.

ಗ್ನೂ ವ್ಯವಸ್ಥೆಯ ಭಾಗಗಳೆಲ್ಲ ಬಂದರೂ ನಡುವಿನ ತಿರುಳು, ಅಂದರೆ ಯಂತ್ರಾಂಶದೊಡನೆ ನೇರ ವ್ಯವಹರಿಸುವ ಕರ್ನಲ್, ಸಿದ್ಧವಾಗಿರಲಿಲ್ಲ. ಅದನ್ನು ತುಂಬಿದವರು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್. 1991ರ ಆಗಸ್ಟ್ 25ರಂದು ಅವರು ಗಣಕ ಆಸಕ್ತರಿಗೆ ಬರೆದ ಪತ್ರದಲ್ಲಿ, ಹವ್ಯಾಸಕ್ಕಾಗಿ ಚಿಕ್ಕದೊಂದು ವ್ಯವಸ್ಥೆ ಬರೆಯುತ್ತಿದ್ದೇನೆ, ಅದು ದೊಡ್ಡದೇನೂ ಆಗಲಾರದು ಎಂಬರ್ಥದ ಮಾತು ಹೇಳಿದ್ದರು. ಮೊದಲ ಆವೃತ್ತಿಯಲ್ಲಿದ್ದದ್ದು ಸುಮಾರು 10 ಸಾವಿರ ಸಾಲುಗಳು. 1992ರಲ್ಲಿ ಅದನ್ನು ಜಿಪಿಎಲ್ ಅಡಿ ತಂದರು. ಜಗತ್ತಿನ ನಾನಾ ಮೂಲೆಗಳಿಂದ ತಿದ್ದುಪಡಿಗಳು ಬರತೊಡಗಿದವು. 1994ರ ಮಾರ್ಚಿನಲ್ಲಿ 1.0 ಆವೃತ್ತಿ ಹೊರಬಿದ್ದಾಗ ಸಾಲುಗಳು 1 ಲಕ್ಷ 76 ಸಾವಿರಕ್ಕೆ ಏರಿದ್ದವು. ಇಂದು ಅದು 3 ಕೋಟಿ ಸಾಲುಗಳನ್ನು ದಾಟಿದೆ. 2017ರ ನವೆಂಬರಿನಿಂದೀಚೆಗೆ ಜಗತ್ತಿನ 500 ಅತಿ ವೇಗದ ಗಣಕಗಳ ಪಟ್ಟಿಯಲ್ಲಿರುವ ಎಲ್ಲವೂ ಲಿನಕ್ಸ್ ಮೇಲೆಯೇ ನಡೆಯುತ್ತವೆ. ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಇದೇ ಕರ್ನಲ್.

ಎರವಲು ಹತಾರದ ಪಾಠ

ಲಿನಕ್ಸ್ ಕಟ್ಟುವವರಿಗೂ ಎರವಲು ಹತಾರದ ಬಿಸಿ ತಟ್ಟಿದ್ದುಂಟು. ಸಾವಿರಾರು ಜನ ಒಂದೇ ಬರಹವನ್ನು ತಿದ್ದುವಾಗ ಯಾರು, ಯಾವಾಗ, ಏನು ಬದಲಿಸಿದರು ಎಂಬ ಲೆಕ್ಕ ಇಡಬೇಕಾಗುತ್ತದೆ. 2002ರಿಂದ ಟೊರ್ವಾಲ್ಡ್ಸ್ ಈ ಕೆಲಸಕ್ಕೆ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ಬಳಸುತ್ತಿದ್ದರು. ಕಂಪನಿ ಅದನ್ನು ಉಚಿತವಾಗಿ ಕೊಟ್ಟಿತ್ತು, ಆದರೆ ಷರತ್ತುಗಳಿದ್ದವು. ಮುಚ್ಚಿದ ಪೆಟ್ಟಿಗೆಯನ್ನು ನಂಬಬೇಡಿ ಎಂದು ಹಲವರು ಎಚ್ಚರಿಸಿದ್ದರು. 2005ರಲ್ಲಿ ಜಗಳ ಎದ್ದಿತು. ಆ ತಂತ್ರಾಂಶದ ಒಳಗುಟ್ಟನ್ನು ಅರಿಯಲು ಒಬ್ಬರು ಯತ್ನಿಸಿದರೆಂದು ಕಂಪನಿ ಉಚಿತ ಪರವಾನಗಿಯನ್ನು ಹಿಂತೆಗೆದುಕೊಂಡಿತು.

ಆಗ ಟೊರ್ವಾಲ್ಡ್ಸ್ ಕರ್ನಲಿನ ಕೆಲಸ ನಿಲ್ಲಿಸಿ, ಏಪ್ರಿಲ್ ತಿಂಗಳಲ್ಲಿ ಕೆಲವೇ ದಿನಗಳೊಳಗೆ ಗಿಟ್ ಎಂಬ ಹೊಸ ತಂತ್ರಾಂಶವನ್ನು ಬರೆದರು. ಜೂನ್ ತಿಂಗಳ ಕರ್ನಲ್ ಆವೃತ್ತಿ ಗಿಟ್ ನೆರವಿನಿಂದಲೇ ಹೊರಬಂತು. ಇಂದು ಬೆಂಗಳೂರಿನಲ್ಲಾಗಲಿ ಬೋಸ್ಟನ್ನಿನಲ್ಲಾಗಲಿ ತಂತ್ರಾಂಶ ಬರೆಯುವವರ ದಿನ ಆರಂಭವಾಗುವುದು ಗಿಟ್‌ನಿಂದ. ವಿಂಡೋಸ್ ಬಳಸುವವರೂ ಇದಕ್ಕೆ ಹೊರತಲ್ಲ. ಇನ್ನೊಬ್ಬರ ಹತಾರದ ಮೇಲೆ ನಿಂತ ಕಸುಬು ಒಂದೇ ದಿನದಲ್ಲಿ ನಿಲ್ಲಬಹುದು ಎಂಬುದು ಈ ಪ್ರಸಂಗದ ಒಂದು ಪಾಠ. ತನ್ನ ಹತಾರವನ್ನು ತಾನೇ ಮಾಡಿಕೊಳ್ಳುವ ಬಲ ಇದ್ದವನು ಬೇಗ ಎದ್ದು ನಿಲ್ಲಬಲ್ಲ ಎಂಬುದು ಇನ್ನೊಂದು.

ಸಿ.ಡಿ.ಯಲ್ಲಿ ಬಂದ ಅತಿಥಿ

ಭಾರತಕ್ಕೆ ಯೂನಿಕ್ಸ್ ಹೊಸದಾಗಿರಲಿಲ್ಲ. 1984ರ ರಂಗರಾಜನ್ ಸಮಿತಿಯ ವರದಿಯ ನಂತರ ಬ್ಯಾಂಕುಗಳ ಗಣಕೀಕರಣ ನಡೆದಾಗ ದೇಶದ ಗಣಕ ಕಂಪನಿಗಳು ಯೂನಿಕ್ಸ್ ಯಂತ್ರಗಳನ್ನು ಮಾಡಿದವು. ಆ ವಿದ್ಯೆ ಬಲ್ಲ ಒಂದು ಪೀಳಿಗೆಯೇ ಬೆಳೆಯಿತು. ಆದರೆ ಅವು ಕಚೇರಿಯ ದುಬಾರಿ ಯಂತ್ರಗಳು. ಮನೆಯ ಗಣಕಕ್ಕೆ ಅದೇ ಸವಲತ್ತು ತಂದದ್ದು ಲಿನಕ್ಸ್.

ಸಾರ್ವಜನಿಕರಿಗೆ ಅಂತರ್ಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಆಗಿನ ದೂರವಾಣಿ ತಂತಿಯ ವೇಗದಲ್ಲಿ ಒಂದು ಇಡೀ ವ್ಯವಸ್ಥೆಯನ್ನು ಇಳಿಸಿಕೊಳ್ಳುವುದು ಕನಸಿನ ಮಾತು. 1996ರಲ್ಲಿ ಪಿಸಿ ಕ್ವೆಸ್ಟ್ ಎಂಬ ಇಂಗ್ಲಿಷ್ ಗಣಕ ಮಾಸಿಕ ಲಿನಕ್ಸ್ ತುಂಬಿದ ಸಿ.ಡಿ.ಯನ್ನು ಸಂಚಿಕೆಯ ಜೊತೆ ಹಂಚಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಪತ್ರಿಕೆ ತಲುಪುವ ಊರುಗಳಿಗೆಲ್ಲ ಹೀಗೆ ಲಿನಕ್ಸ್ ತಲುಪಿತು. 2001ರಲ್ಲಿ ಚಿಟ್ನಿಸ್ ಮತ್ತು ಗೆಳೆಯರು ಲಿನಕ್ಸ್ ಬೆಂಗಳೂರು ಎಂಬ ಸಮ್ಮೇಳನ ಆರಂಭಿಸಿದರು. 2005ರಲ್ಲಿ ಅದು ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡು 2012ರವರೆಗೆ ನಡೆಯಿತು. ಚಿಟ್ನಿಸ್ 2013ರಲ್ಲಿ ತೀರಿಕೊಂಡರು.

2004ರ ಅಕ್ಟೋಬರಿನಲ್ಲಿ ಉಬುಂಟು ಎಂಬ ಲಿನಕ್ಸ್ ಹಂಚಿಕೆ ಬಂತು. ಹಂಚಿಕೆ ಎಂದರೆ ಕರ್ನಲ್, ಗ್ನೂ ಸಲಕರಣೆಗಳು, ಕಿಟಕಿ, ಕಡತ, ಅಕ್ಷರಶೈಲಿ ಎಲ್ಲವನ್ನೂ ಒಪ್ಪವಾಗಿ ಕಟ್ಟಿಕೊಟ್ಟ ಗಂಟು. ಕೇಳಿದವರಿಗೆ ಉಬುಂಟುವಿನವರು 2011ರವರೆಗೂ ಜಗತ್ತಿನ ಯಾವ ಮೂಲೆಗಾದರೂ ಸಿ.ಡಿ.ಯನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದರು. ಅಂತರ್ಜಾಲ ಕುಂಟುತ್ತಿದ್ದ ಜಿಲ್ಲಾ ಕೇಂದ್ರಗಳ, ತಾಲ್ಲೂಕುಗಳ ಹುಡುಗರಿಗೆ ಅದು ದೊಡ್ಡ ಉಪಕಾರವಾಯಿತು.

ಕಾಲೇಜುಗಳ ಪಾಲೂ ಇದರಲ್ಲಿ ಉಂಟು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಅದರಡಿ ಬಂದವು. ಗಣಕ ವಿಜ್ಞಾನದ ಪಠ್ಯದಲ್ಲಿ ಯೂನಿಕ್ಸ್ ಒಂದು ವಿಷಯವಾಗಿತ್ತು. ಬೀದರಿನಿಂದ ಮಂಗಳೂರಿನವರೆಗೆ ಪ್ರಯೋಗಶಾಲೆಯ ಕಪ್ಪು ಪರದೆಯ ಮುಂದೆ ಕುಳಿತು ಸಿ ಭಾಷೆಯ ಮೊದಲ ಪಾಠ ಬರೆದ ವಿದ್ಯಾರ್ಥಿಗಳಲ್ಲಿ ಅನೇಕರು ಲಿನಕ್ಸಿನ ಹೆಸರನ್ನು ಅಲ್ಲಿಯೇ ಮೊದಲು ಕೇಳಿದವರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು 2001ರಲ್ಲಿ ತೋರಿಸಿದ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕವೂ ಲಿನಕ್ಸ್ ಮೇಲೆಯೇ ನಡೆಯುತ್ತಿತ್ತು. ಓದುಬರಹ ಬಾರದವರಿಗಾಗಿ ಅದು ಬರಹವನ್ನು ಓದಿ ಹೇಳಬೇಕೆಂಬ ಆಸೆಯಿಂದ ಧ್ವನಿ ಎಂಬ ತಂತ್ರಾಂಶವೂ ಸಿದ್ಧವಾಯಿತು. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ. ಆದರೆ ಮುಕ್ತವಾಗಿ ಬಿಟ್ಟುಕೊಟ್ಟಿದ್ದ ಧ್ವನಿಯನ್ನು ನಂತರ ಬೇರೆಯವರು ಎತ್ತಿಕೊಂಡು ಬೆಳೆಸಿದರು. ಯಂತ್ರ ಸತ್ತರೂ ಬರಹ ಉಳಿಯಿತು.

ಒತ್ತಕ್ಷರದ ಕಷ್ಟ

ಕನ್ನಡದ ಮಟ್ಟಿಗೆ ಲಿನಕ್ಸಿನ ದಾರಿ ಸುಗಮವಾಗಿರಲಿಲ್ಲ. ಗಣಕದಲ್ಲಿ ಕನ್ನಡ ಎಂದರೆ ಬಹುಜನರಿಗೆ ನೆನಪಾಗುವುದು 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಎರಡೂ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಎರಡೂ ವಿಂಡೋಸ್‌ಗಾಗಿ ಮಾಡಿದಂಥವು. ಕಚೇರಿಗಳಲ್ಲಿ ಆಗ ಬಳಕೆಯಲ್ಲಿದ್ದ ವಿಧಾನದಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಚಿತ್ರಗಳನ್ನು ಅಂಟಿಸಲಾಗುತ್ತಿತ್ತು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತಿತ್ತು.

ಇದಕ್ಕೆ ಪರಿಹಾರ ಯೂನಿಕೋಡ್. 1991ರ ಅಕ್ಟೋಬರಿನ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಪ್ರತ್ಯೇಕ ಮನೆಗಳು ಸಿಕ್ಕಿದ್ದವು. ಆದರೆ ಸಂಕೇತ ಸಿಕ್ಕರೆ ಸಾಲದು, ಪರದೆಯ ಮೇಲೆ ಅಕ್ಷರ ಸರಿಯಾಗಿ ಮೂಡಬೇಕು. ಸ್ತ್ರೀ ಎಂಬ ಒಂದೇ ಅಕ್ಷರವನ್ನು ತೆಗೆದುಕೊಳ್ಳಿ. ಗಣಕದ ಒಳಗೆ ಅದು ಸ, ಹಲಂತ, ತ, ಹಲಂತ, ರ, ಈಕಾರ ಎಂಬ 6 ಸಂಕೇತಗಳ ಸಾಲು. ಧರ್ಮ ಎಂಬ ಪದದಲ್ಲಿ ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಗಣಕವೂ ಅದನ್ನು ಮೊದಲೇ ಇಟ್ಟುಕೊಳ್ಳುತ್ತದೆ, ಬರೆಯುವಾಗ ಮಾತ್ರ ಅರ್ಕಾವತ್ತು ಮಕಾರದ ಆಚೆ ಹೋಗಿ ಕೂರಬೇಕು. ಈ ನಿಯಮಗಳನ್ನೆಲ್ಲ ತಿಳಿದು ಅಕ್ಷರ ಜೋಡಿಸುವ ತಂತ್ರಾಂಶ ಬೇಕು. ಇಂಗ್ಲಿಷ್ ಮಾತ್ರ ಗೊತ್ತಿದ್ದ ಮೊದಲಿನ ಲಿನಕ್ಸ್ ಪರದೆಗೆ ಇದು ತಿಳಿದಿರಲಿಲ್ಲ. ಒತ್ತುಗಳು ಪಕ್ಕಕ್ಕೆ ಬೀಳುತ್ತಿದ್ದವು, ದೀರ್ಘಗಳು ತೇಲುತ್ತಿದ್ದವು.

ಇಲ್ಲಿಯೇ ತೆರೆದ ಪೆಟ್ಟಿಗೆಯ ಬೆಲೆ ಗೊತ್ತಾಗುವುದು. ತಪ್ಪನ್ನು ಕಂಡವರು ಎಲ್ಲಿ ತಪ್ಪಿದೆ ಎಂದು ಬಿಚ್ಚಿ ನೋಡಬಹುದಿತ್ತು, ತಿದ್ದಿ ಕಳಿಸಬಹುದಿತ್ತು. ಪ್ಯಾಂಗೊ, ಅನಂತರ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳ ನಿಯಮಗಳು ಕ್ರಮೇಣ ಸೇರಿದವು. ರೆಡ್ ಹ್ಯಾಟ್ ಕಂಪನಿ 2004ರಲ್ಲಿ ಲೋಹಿತ್ ಹೆಸರಿನ ಅಕ್ಷರಶೈಲಿಗಳನ್ನು ಮುಕ್ತವಾಗಿ ಬಿಟ್ಟಿತು. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಅಕ್ಷರಶೈಲಿಗಳೂ ಬಂದವು. ಹರಿಪ್ರಸಾದ್ ನಾಡಿಗರಂಥ ತರುಣರು ಲಿನಕ್ಸಿನ ಪರದೆಯ ಪದಗಳನ್ನು ಕನ್ನಡಿಸುವ ಕೆಲಸಕ್ಕೆ ಕೈಹಾಕಿದರು. ಓಂಶಿವಪ್ರಕಾಶ್ ಲಿನಕ್ಸಾಯಣ ಎಂಬ ಹೆಸರಿನಲ್ಲಿ ಕನ್ನಡದಲ್ಲಿಯೇ ಲಿನಕ್ಸ್ ಪಾಠ ಬರೆದರು.

ಕೀಲಿಮಣೆಯದೊಂದು ಸ್ವಾರಸ್ಯವಿದೆ. ಕೆ.ಪಿ. ರಾವ್ ಅವರು ರೂಪಿಸಿದ, ಉಚ್ಚಾರಣೆಯನ್ನು ಅನುಸರಿಸುವ ಕೀಲಿ ವಿನ್ಯಾಸವೇ ಇಂದು ಕನ್ನಡಿಗರಿಗೆ ಪರಿಚಿತವಾದದ್ದು. ಯಾವುದೇ ಲಿನಕ್ಸ್ ಗಣಕದಲ್ಲಿ ಕೀಲಿಮಣೆಗಳ ಪಟ್ಟಿ ತೆರೆದು ಕನ್ನಡವನ್ನು ಹುಡುಕಿದರೆ ಅಲ್ಲಿ ಕಗಪ ಎಂಬ ಹೆಸರು ಸಿಗುತ್ತದೆ. ಅದು ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು. ಅದೇ ಹೆಸರಿನ ವಿನ್ಯಾಸ ಹಿಂದಿ, ಮರಾಠಿ, ತೆಲುಗು, ಸಂಸ್ಕೃತಗಳಿಗೂ ಅಲ್ಲಿದೆ. ಬೆಂಗಳೂರಿನ ಒಂದು ಪುಟ್ಟ ಪರಿಷತ್ತಿನ ಹೆಸರು ಹೀಗೆ ಜಗತ್ತಿನ ಲಿನಕ್ಸ್ ಗಣಕಗಳ ಒಳಗೆಲ್ಲ ಕುಳಿತಿದೆ.

ಮುಚ್ಚಿದ ಪೆಟ್ಟಿಗೆಯಲ್ಲಿ ಏನಾಗುತ್ತದೆ ಎಂಬುದಕ್ಕೆ 2018ರ ಫೆಬ್ರವರಿಯ ಘಟನೆ ನೋಡಬಹುದು. ತೆಲುಗಿನ ಜ್ಞಾ ಅಕ್ಷರ ಸಂದೇಶದಲ್ಲಿ ಬಂದರೆ ಆಪಲ್ ಕಂಪನಿಯ ಫೋನುಗಳಲ್ಲಿ ತಂತ್ರಾಂಶ ಕುಸಿದು ಬೀಳುತ್ತಿತ್ತು. ಕೆಲವೇ ದಿನಗಳಲ್ಲಿ ಕಂಪನಿ ಸರಿಪಡಿಸಿತು, ನಿಜ. ಆದರೆ ಆ ಅಕ್ಷರವನ್ನು ತಮ್ಮದೆಂದು ಬರೆಯುವ ಕೋಟಿಗಟ್ಟಲೆ ಜನ ಅಲ್ಲಿಯವರೆಗೆ ಮಾಡಬಹುದಾದದ್ದು ಕಾಯುವುದೊಂದೇ ಆಗಿತ್ತು.

ವಿಜಯಪುರದ ಮುದ್ರಣಾಲಯ

ಹತಾರ ತನ್ನದಾಗಿರಬೇಕೆಂಬ ಮಾತಿಗೆ ವಿಜಯಪುರದ ಇತಿಹಾಸದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿಗಳಲ್ಲಿದ್ದ ವಚನಗಳನ್ನು ಕೂಡಿಹಾಕಿದರು. ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಆದರೆ ಕೈಯಲ್ಲಿದ್ದ ಸಾಮಗ್ರಿಯೆಲ್ಲ ಬೆಳಕು ಕಾಣಬೇಕಾದರೆ ಪರರ ಮುದ್ರಣಾಲಯ ನೆಚ್ಚಿದರೆ ಆಗದು ಎಂಬುದು ಅವರಿಗೆ ಮನದಟ್ಟಾಗಿತ್ತು. ಮನೆ ಮಾರಿದ ಹಣದಿಂದ 1925ರಲ್ಲಿ ಅವರು ಇದೇ ಊರಿನಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷ ಶಿವಾನುಭವ ಪತ್ರಿಕೆ ಹೊರಟಿತು.

2010ರ ದಶಕದಲ್ಲಿ ಆ ಕೆಲಸದ ಮುಂದಿನ ಹೆಜ್ಜೆ ಗಣಕದಲ್ಲಿ ಮೂಡಿತು. ಓಂಶಿವಪ್ರಕಾಶ್ ಮತ್ತು ಗೆಳೆಯರು ಓ.ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ ಅವರ ಒಡನಾಟದಲ್ಲಿ ವಚನ ಸಂಚಯ ಎಂಬ ಅಂತರ್ಜಾಲ ತಾಣವನ್ನು ಮುಕ್ತ ತಂತ್ರಾಂಶಗಳಿಂದ ಕಟ್ಟಿದರು. 20 ಸಾವಿರಕ್ಕೂ ಹೆಚ್ಚು ವಚನಗಳು ಯೂನಿಕೋಡಿನಲ್ಲಿ ಅಲ್ಲಿ ಸೇರಿದವು. ಒಂದು ಪದವನ್ನು ಕೊಟ್ಟರೆ ಅದು ಯಾವ ವಚನಕಾರರ ಯಾವ ಯಾವ ವಚನಗಳಲ್ಲಿ ಬಂದಿದೆ ಎಂಬುದು ಕ್ಷಣದಲ್ಲಿ ಎದುರಿಗೆ. ಹಿಂದೆ ವಿದ್ವಾಂಸರು ವರ್ಷಗಟ್ಟಲೆ ಚೀಟಿ ಬರೆದು ಮಾಡುತ್ತಿದ್ದ ಕೆಲಸ ಅದು. ಅಕ್ಷರವನ್ನು ಸರಿಯಾಗಿ ತೋರಿಸುವ, ಹುಡುಕುವ, ಜೋಡಿಸುವ ವಿದ್ಯೆ ಮುಕ್ತವಾಗಿ ಸಿಗದೆ ಹೋಗಿದ್ದರೆ ಬೆರಳೆಣಿಕೆಯ ಉತ್ಸಾಹಿಗಳಿಂದ ಅದು ಆಗುತ್ತಿರಲಿಲ್ಲ. ವಿಜಯಪುರದ ಎಂಜಿನಿಯರಿಂಗ್ ಕಾಲೇಜಿಗೆ ಹಳಕಟ್ಟಿಯವರ ಹೆಸರೇ ಇರುವುದು ಈ ದೃಷ್ಟಿಯಿಂದ ಸಾರ್ಥಕ.

ನಿತ್ಯದ ಬಳಕೆ

ಇಷ್ಟಾದರೂ ಲಿನಕ್ಸನ್ನು ನಿತ್ಯ ಬಳಸುವುದೆಂದರೆ ಏನು? ತಂತ್ರಾಂಶ ಬರೆಯುವವನ ದೃಷ್ಟಿಯಿಂದ ಮೊದಲ ಲಾಭ ಇದು: ಅವನು ಬರೆದ ತಂತ್ರಾಂಶ ಕೊನೆಗೆ ಓಡುವುದು ದೂರದ ಸರ್ವರ್ ಗಣಕದಲ್ಲಿ, ಅಲ್ಲಿರುವುದು ಬಹುಮಟ್ಟಿಗೆ ಲಿನಕ್ಸ್. ಮೇಜಿನ ಮೇಲೂ ಅದೇ ಇದ್ದರೆ ಇಲ್ಲಿ ನಡೆದದ್ದು ಅಲ್ಲಿ ನಡೆಯಲಿಲ್ಲ ಎಂಬ ತಾಪತ್ರಯ ಕಡಿಮೆ. ಎರಡನೆಯದು, ಬೇಕಾದ ಸಲಕರಣೆಗಳೆಲ್ಲ ಒಂದೇ ಉಗ್ರಾಣದಿಂದ ಒಂದು ಸಾಲಿನ ಆಜ್ಞೆಗೆ ಬಂದು ಕೂರುತ್ತವೆ. ಮೂರನೆಯದು, ಹಳೆಯ ಗಣಕಕ್ಕೆ ಮರುಜೀವ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹೊಸ ಆವೃತ್ತಿಗೆ ಹೊಂದದ ಎಷ್ಟೋ ಗಣಕಗಳು ಯಂತ್ರಾಂಶ ಗಟ್ಟಿಯಿದ್ದೂ ಮೂಲೆಗೆ ಸರಿಯುವಂತಾಯಿತು. ಅಂಥವುಗಳಲ್ಲಿ ಹಗುರವಾದ ಲಿನಕ್ಸ್ ಇನ್ನೂ ಹಲವು ವರ್ಷ ನಡೆಯಬಲ್ಲದು. ಕೊಳ್ಳುವ ಶಕ್ತಿ ಕಡಿಮೆಯಿರುವ ವಿದ್ಯಾರ್ಥಿಗೆ ಇದು ಸಣ್ಣ ಮಾತಲ್ಲ.

ತೊಡಕುಗಳನ್ನು ಮುಚ್ಚಿಡಬೇಕಿಲ್ಲ. ಕೆಲವು ಮುದ್ರಕಗಳು, ನಿಸ್ತಂತು ಸಂಪರ್ಕದ ಬಿಡಿಭಾಗಗಳು ಲಿನಕ್ಸಿನೊಡನೆ ಮುನಿಸಿಕೊಳ್ಳುತ್ತವೆ, ಏಕೆಂದರೆ ಅವನ್ನು ಮಾಡಿದವರು ಅದಕ್ಕೆ ಬೇಕಾದ ವಿವರ ಕೊಟ್ಟಿರುವುದಿಲ್ಲ. ಲೆಕ್ಕಪತ್ರದ ಜನಪ್ರಿಯ ತಂತ್ರಾಂಶಗಳು ವಿಂಡೋಸ್‌ಗೆ ಅಂಟಿಕೊಂಡಿವೆ. ರಾಜ್ಯ ಸರ್ಕಾರ 2012ರಲ್ಲಿ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿದ ಮೇಲೂ ಹಳೆಯ ಸಂಕೇತದ ಕಡತಗಳು ಕಚೇರಿಗಳಲ್ಲಿ, ಡಿ.ಟಿ.ಪಿ. ಅಂಗಡಿಗಳಲ್ಲಿ ರಾಶಿ ಬಿದ್ದಿವೆ. ಅವನ್ನು ಪರಿವರ್ತಿಸದೆ ಬಳಸಲಾಗದು. ಮೇಜಿನ ಗಣಕಗಳ ಪೈಕಿ ಲಿನಕ್ಸಿನ ಪಾಲು ಇಂದಿಗೂ ಚಿಕ್ಕದು. ಆದರೆ ತಂತ್ರಾಂಶ ಬರೆಯುವವರು ಅದನ್ನು ಬಿಟ್ಟು ಬದುಕಲಾರರು ಎಂಬುದನ್ನು ಎದುರಾಳಿಯೂ ಒಪ್ಪಿದ್ದಾನೆ. 2016ರಲ್ಲಿ ಮೈಕ್ರೋಸಾಫ್ಟ್ ವಿಂಡೋಸಿನ ಒಳಗೇ ಲಿನಕ್ಸ್ ಸಲಕರಣೆಗಳನ್ನು ಬಳಸುವ ಏರ್ಪಾಟು ಮಾಡಿತು. 2019ರಲ್ಲಿ ನಿಜವಾದ ಲಿನಕ್ಸ್ ಕರ್ನಲನ್ನೇ ಅದರೊಳಗೆ ಸೇರಿಸುವುದಾಗಿ ಸಾರಿತು.

ಅರ್ಧ ಸೆಕೆಂಡಿನ ಎಚ್ಚರ

ಎಲ್ಲರದೂ ಆದ ಹತಾರವನ್ನು ಕಾಯುವವರು ಯಾರು? ಈ ಪ್ರಶ್ನೆ 2024ರ ಮಾರ್ಚಿನಲ್ಲಿ ಜಗತ್ತನ್ನೇ ಬೆಚ್ಚಿಬೀಳಿಸಿತು. ಲಿನಕ್ಸಿನಲ್ಲಿ ಕಡತಗಳನ್ನು ಕುಗ್ಗಿಸುವ ಎಕ್ಸ್‌ಜಡ್ ಎಂಬ ಚಿಕ್ಕ ತಂತ್ರಾಂಶವಿದೆ. ವರ್ಷಗಳಿಂದ ಅದನ್ನು ನೋಡಿಕೊಳ್ಳುತ್ತಿದ್ದವರು ಸಂಬಳವಿಲ್ಲದ ಒಬ್ಬ ಸ್ವಯಂಸೇವಕ, ಅವರೂ ದಣಿದಿದ್ದರು. ನೆರವಿಗೆ ಬಂದಂತೆ ನಟಿಸಿ ಎರಡು ವರ್ಷಕ್ಕೂ ಮಿಕ್ಕಿ ವಿಶ್ವಾಸ ಗಳಿಸಿದ ಯಾರೋ ಒಬ್ಬರು ಅದರೊಳಗೆ ಕಳ್ಳದಾರಿಯೊಂದನ್ನು ತೋಡಿದರು. ದೂರದ ಗಣಕಗಳಿಗೆ ಬೀಗವಿಲ್ಲದೆ ನುಗ್ಗಲು ಅದರಿಂದ ಸಾಧ್ಯವಾಗುತ್ತಿತ್ತು.

ಅದನ್ನು ಪತ್ತೆ ಮಾಡಿದವರು ಆಂದ್ರೆಸ್ ಫ್ರೊಯೆಂಡ್ ಎಂಬ ತಂತ್ರಾಂಶ ಎಂಜಿನಿಯರ್. ದೂರದ ಗಣಕಕ್ಕೆ ಪ್ರವೇಶ ಪಡೆಯುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆ ಎಂದು ಅವರಿಗೆ ಅನಿಸಿತು. ಅಷ್ಟಕ್ಕೇ ಬಿಡದೆ ಬಿಚ್ಚಿ ನೋಡಿದರು. ಕಳ್ಳದಾರಿ ಬಹುಪಾಲು ಗಣಕಗಳನ್ನು ತಲುಪುವ ಮುನ್ನವೇ ಮಾರ್ಚ್ 29ರಂದು ಸುದ್ದಿ ಹೊರಬಿತ್ತು.

ಈ ಘಟನೆಗೆ ಎರಡು ಮುಖಗಳಿವೆ. ಬಿಚ್ಚಿ ನೋಡುವ ಹಕ್ಕು ಇದ್ದುದರಿಂದಲೇ ಅಪಾಯ ತಪ್ಪಿತು ಎಂಬುದು ಒಂದು. ಹಕ್ಕು ಇದ್ದ ಮಾತ್ರಕ್ಕೆ ಯಾರೋ ನೋಡುತ್ತಿರುತ್ತಾರೆ ಎಂಬ ಭರವಸೆ ಇಲ್ಲ ಎಂಬುದು ಇನ್ನೊಂದು. ಆದಿಲ್ ಶಾಹಿ ಕಾಲದ ನೀರಿನ ಕೊಳವೆಗಳು ಕಟ್ಟಿದ್ದರಿಂದಷ್ಟೇ ನಡೆಯಲಿಲ್ಲ, ಹೂಳು ತೆಗೆಯುವ ಕೈಗಳಿದ್ದವರೆಗೆ ನಡೆದವು. ಕನ್ನಡದ ಮುಕ್ತ ಅಕ್ಷರಶೈಲಿಗಳು, ಅನುವಾದಗಳು, ಪದಕೋಶಗಳು ಇಂದು ನಿಂತಿರುವುದೂ ಕೆಲವೇ ಕೈಗಳ ಮೇಲೆ. ಸಂಬಳದ ಕೆಲಸ ಮುಗಿಸಿ ರಾತ್ರಿ ಕುಳಿತು ತಿದ್ದುವವರು ಅವರು. ತಂತ್ರಾಂಶ ರಫ್ತಿನಿಂದ ಹೆಸರಾದ ನಾಡಿನಲ್ಲಿ ಲಿನಕ್ಸ್ ಬಳಸುವವರಿಗೆ ಬರವಿಲ್ಲ. ಬಳಸುವವರಲ್ಲಿ ನೂರಕ್ಕೊಬ್ಬರು ತಮ್ಮ ನುಡಿಗಾಗಿ ಒಂದು ತಪ್ಪನ್ನು ತಿದ್ದಿ ಕಳಿಸಿದರೂ ಮುಂದೆ ಕನ್ನಡ ಬರೆಯುವ ಮಗುವಿನ ಪರದೆಯಲ್ಲಿ ಒತ್ತಕ್ಷರ ತನ್ನ ಜಾಗದಲ್ಲಿ ಕೂರುತ್ತದೆ.